ಹಟ್ಟಿಯ ಬಾಯಿ ಬಿಡಿಸಿದ ವಸಂತಾಮಣಿ

ಬೆಟ್ಟದೂರು ಹುಬ್ಬತಲೈನ ಚಹಾ ತೋಟಗಳ ಮೇಲೆ ಇನ್ನೂ ಮಂಜು ಕವಿದಿದೆ. ಎಲೆ ಕೀಳುವ ಹೆಂಗಸರು ಸಾಲು ಹಿಡಿಯುವ ಹೊತ್ತಿಗೆ ವಸಂತಾಮಣಿಯೂ ಅವರ ನಡುವೆ ನಿಂತಿರುತ್ತಾರೆ. ಕೈ ಅವರಂತೆಯೇ ಕುಡಿ ಚಿವುಟುತ್ತದೆ, ಬಾಯಿ ಮಾತಾಡಿಸುತ್ತದೆ. ರಾತ್ರಿ ಏನುಂಡೆ, ನಿದ್ದೆ ಬಂತಾ, ಬೆಳಗಿನಿಂದ ನೀರು ಕುಡಿದೆಯಾ?

ಇದೇ ಅವರ ಕೆಲಸ. ಬೆಟ್ಟದ ಜನರ ದಿನನಿತ್ಯದ ನಡವಳಿಕೆಗೂ ಆರೋಗ್ಯಕ್ಕೂ ಏನು ನಂಟು ಎಂದು ವಿಶ್ವವಿದ್ಯಾಲಯವೊಂದು ನಡೆಸುತ್ತಿರುವ ಅಧ್ಯಯನಕ್ಕೆ ಅವರು ಕ್ಷೇತ್ರ ಸಹಾಯಕಿ. ವರದಿಯಲ್ಲಿ ಸಂಶೋಧಕರ ಹೆಸರಿದೆ. ಅದರೊಳಗೆ ಹೆಂಗಸರು ಮನಸ್ಸು ಬಿಚ್ಚಿ ಮಾತಾಡಿರುವುದು ಮಾತ್ರ ಐವತ್ತು ದಾಟಿದ, ಬೆಟ್ಟದ ಬಡಗ ಸಮುದಾಯದ ಈ ಹೆಂಗಸಿನಿಂದ.

ಮೊದಮೊದಲು ಬಾಯಿ ಬಿಟ್ಟವರೇ ಇಲ್ಲ. ತೋಟದ ಹೆಂಗಸರಿಗೆ ಮೂತ್ರದ ಸೋಂಕು, ಕಿಡ್ನಿಯಲ್ಲಿ ಕಲ್ಲು ಏಕಿಷ್ಟು ಎಂಬುದು ಸಂಶೋಧಕಿ ಸುಗನ್ಯಾ ಅವರ ಪ್ರಶ್ನೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ನೀರು ಬೇಕಾದಷ್ಟು ಕುಡಿಯುತ್ತೇವೆ. ವಸಂತಾಮಣಿಗೆ ನಿಜ ಗೊತ್ತಿತ್ತು, ಅವರೂ ಎಲೆ ಕಿತ್ತವರೇ. ತೋಟದಲ್ಲಿ ಮರೆಯಿಲ್ಲ. ಪೊದೆಯ ಹಿಂದೆ ಹೋದರೆ ಕಾಡುಕೋಣದ ಭಯ, ರಸ್ತೆಯ ಕಡೆ ಗಂಡಸರ ಕಣ್ಣು. ಬೆಳಗಿನ ಕಾಪಿಯಾದ ಮೇಲೆ ಮನೆ ಸೇರುವ ತನಕ ಒಂದು ಗುಟುಕೂ ಕುಡಿಯದಿರುವುದು ತಾಯಿಯಿಂದ ಮಗಳಿಗೆ ಬಂದ ಅಭ್ಯಾಸ. ಹಾಗೆ ಬಿಗಿಹಿಡಿದೇ ವಸಂತಾಮಣಿ ಒಂದು ಕಿಡ್ನಿ ಕಳೆದುಕೊಂಡರು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆಸಿಕೊಂಡು ಬಂದಾಗ ನೆರೆಯವರಿಗೆ ಹೊಟ್ಟೆಯ ಗಡ್ಡೆ ಎಂದಿದ್ದರಂತೆ.

"ನಾನೇ ಮುಚ್ಚಿಟ್ಟು ಕೂತರೆ ಇನ್ನೊಬ್ಬಳನ್ನ ಹೇಳು ಅಂತ ಹೇಗೆ ಕೇಳೋದು?" ಎನ್ನುತ್ತಾರೆ.

ಒಂದು ದಿನ ಕೆಲಸದ ಬಿಡುವಿನಲ್ಲಿ ಸೀರೆ ಸರಿಸಿ ಪಕ್ಕೆಯ ಉದ್ದನೆಯ ಗಾಯದ ಗುರುತು ತೋರಿಸಿ, ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಅವರಿಗೆ ಸೊಸೆಯಾಗುವಷ್ಟು ವಯಸ್ಸಿನ ಕಮಲಂ ಎಂಬ ಹೆಣ್ಣು ತಲೆ ತಗ್ಗಿಸಿಯೇ ಹೇಳಿದಳು: "ಎನಗೂ ಉರಿ ಅಕ್ಕ. ಮನೇಲಿ ಯಾರಿಗೂ ಹೇಳಿಲ್ಲೆ." ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕಟ್ಟೆ ಒಡೆದಂತಾಯಿತು.

ಅಧ್ಯಯನ ಕಂಡುಕೊಂಡದ್ದನ್ನು ಊರಿಗೇ ಮೊದಲು ತಿಳಿಸಬೇಕೆಂದು ಸುಗನ್ಯಾ ಬಯಸಿದರು. ಹಟ್ಟಿಯ ಕೂಟದಲ್ಲಿ ಗಂಡಸರು ಕೂರುತ್ತಾರೆ, ಹೆಂಗಸರು ದೂರ ನಿಲ್ಲುತ್ತಾರೆ. ಹೊರಗಿನವರು ಹೇಳಿದರೆ ಹೊರಗಿನ ಮಾತಾಗಿಯೇ ಉಳಿಯುತ್ತದೆ, ತಾನೇ ಹೇಳುತ್ತೇನೆ ಎಂದರು ವಸಂತಾಮಣಿ. ಗಂಡ ಮಾದನ್ ಎಷ್ಟೋ ಬೇಡಿಕೊಂಡರು: ಹಿರಿಯರ ಮುಂದೆ ಆ ಮಾತು ಬೇಡ, ನಾಳೆ ತಲೆಯೆತ್ತಿ ನಡೆಯುವುದು ಹೇಗೆ?

ಕೂಟದ ದಿನ ವಸಂತಾಮಣಿ ಎದ್ದು ನಿಂತರು. ಸುತ್ತಿ ಬಳಸಿ ಹೇಳಲಿಲ್ಲ.

"ಉಚ್ಚೆ ಹೊಯ್ಯೋಕೆ ಜಾಗ ಇಲ್ಲೆ ಅಂತ ಎಂಗ ಹೆಂಗಸರು ನೀರು ಕುಡೀತಿಲ್ಲೆ. ಅದರಿಂದಲೇ ಕಾಯಿಲೆ. ಅದರಿಂದಲೇ ಸಾವು."

ಒಬ್ಬರು ಎದ್ದು ಹೊರಟೇ ಹೋದರು. ಉಳಿದವರು ನೆಲ ನೋಡುತ್ತಾ ಕೂತರು. ಊರಗೌಡ ಹಾಲನ್ ಅವರ ಹೆಂಡತಿ ತೀರಿಕೊಂಡದ್ದು ಕಿಡ್ನಿ ಕೆಟ್ಟು.

"ಬೇಸಿಗೇಲೂ ನೀರು ಬೇಡ ಅಂತಿದ್ದಳು," ಎಂದರು ಅವರು. "ಅವಳಿಗೆ ದಾಹವೇ ಇಲ್ಲ ಅಂದುಕೊಂಡೆ ನಾ."

ವಸಂತಾಮಣಿ ಹೋಗಿ ಅವರೆದುರು ಬಾಗಿದರು. ಮುದುಕರು ತಲೆಯ ಮೇಲೆ ಕೈಯಿಟ್ಟು, ಒಂದು ಹೋಗಿ ಸಾವಿರ ಆಗಲಿ ಎಂದು ಬಡಗ ಹಿರಿಯರ ವಾಡಿಕೆಯಂತೆ ಹರಸಿದರು. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಕೇಳಿತು.

ಮೊದಲ ಶೌಚಾಲಯ ಎದ್ದದ್ದು ಹಾಲನ್ ಅವರ ತೋಟದ ಅಂಚಿನಲ್ಲೇ. ಈಗ ಹಟ್ಟಿಯ ಹಲವು ತೋಟಗಳಲ್ಲಿ ತಗಡಿನ ಬಾಗಿಲು, ನೀರಿನ ಡ್ರಮ್ಮು ಕಾಣುತ್ತವೆ. ಚಿಕಿತ್ಸೆ ಪಡೆದ ಕಮಲಂ ಚೇತರಿಸಿಕೊಂಡಿದ್ದಾಳೆ. ಬೇಡವೆಂದಿದ್ದ ಮಾದನ್ ತಾವೇ ಹೋಗಿ ಎರಡು ಗುಂಡಿ ತೋಡಿಕೊಟ್ಟರು. ಒಂದೇ ಕಿಡ್ನಿಯ ಈ ಜೀವ ಬಸ್ಸು ಹತ್ತಿಳಿದು ಈಗ ನಂಜನಾಡಿನ ಕ್ಯಾರೆಟ್ ಹೊಲಗಳಿಗೂ ಅದೇ ಪ್ರಶ್ನೆ ಹೊತ್ತು ಹೋಗುತ್ತದೆ.

ಇನ್ನೇನು ಆಸೆ ಎಂದರೆ ತುಸು ಯೋಚಿಸುತ್ತಾರೆ. "ದೊಡ್ಡದೇನೂ ಇಲ್ಲೆ. ಕೆಲಸದ ನಡುವೆ ಒಬ್ಬ ಹೆಣ್ಣು, ಇರಿ, ಹೋಗಿ ಬತ್ತೆ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ ನಡೀಬೇಕು. ಮೊನ್ನೆ ನಂಜನಾಡಲ್ಲಿ ಒಬ್ಬಳು ಹೇಳಿದಳು. ಎನ್ನ ಮಗಳಲ್ಲ, ನೆಂಟರವಳಲ್ಲ. ಆದರೂ ಹೆಮ್ಮೆ ಆತು."