ಗಾಯದ ಮೇಲಿನ ಪುಡಿ

ಮುನವಳ್ಳಿಯ ನಮ್ಮ ಅಕ್ಕನ ಓಣಿಯಲ್ಲಿ ಯಾರಿಗೆ ಗಾಯವಾದರೂ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚುತ್ತಿದ್ದರು. ನುಂಗುವುದಕ್ಕಲ್ಲ. ಒಳಗಿನ ಪುಡಿಯನ್ನು ಗಾಯದ ಮೇಲೆ ಉದುರಿಸಿ, ಅರಿವೆ ಕಟ್ಟಿದರೆ ಉಪಚಾರ ಮುಗಿಯಿತು. ಅಕ್ಕ ಅದರಲ್ಲಿ ಎತ್ತಿದ ಕೈ.

ಹೋದ ಸುಗ್ಗಿಯಲ್ಲಿ ಹತ್ತಿಯ ಕೂಳೆಯೊಂದು ಅವಳ ಹಿಮ್ಮಡಿಗೆ ಚುಚ್ಚಿತು. ಮೊದಲೇ ಸಕ್ಕರೆ ಕಾಯಿಲೆಯವಳು. ನಾನು ಬೈಲಹೊಂಗಲದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೀವು, ರಕ್ತದೊಳಗಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವವಳು. ಸುದ್ದಿ ಕೇಳಿ ಅವಳಿದ್ದಲ್ಲಿಗೇ ಓಡಿದೆ. ಹೋಗಿ ನೋಡಿದರೆ, ಅಯ್ಯೋ ಶಿವನೇ, ಹಿಮ್ಮಡಿ ತುಂಬ ಪುಡಿ!

"ಇದನ್ನ ಹಾಕಬ್ಯಾಡ ಅಕ್ಕಾ, ಸವದತ್ತಿಗೆ ಹೋಗಿ ಡಾಕ್ಟರ್‌ಗೆ ತೋರಿಸೋಣ ನಡಿ."

"ಏ ಹುಚ್ಚಿ, ನಿನಗಿಂತ ಮೊದಲ ಹುಟ್ಟೇನಿ ನಾ. ಒಣಗಾಕ ಹತ್ತೈತಿ ನೋಡು."

ಸಿಟ್ಟು ನೆತ್ತಿಗೇರಿತು. ಆದರೂ ಕೂತು ತಿಳಿಸಿ ಹೇಳಿದೆ. ಈ ಪುಡಿ ಸೂಕ್ಷ್ಮಜೀವಿಗೆ ತನ್ನ ಸುತ್ತಲಿನ ಗೋಡೆ ಕಟ್ಟಲು ಬಿಡುವುದಿಲ್ಲ; ಗೋಡೆ ಇಲ್ಲದೆ ಅದು ಒಡೆದು ಸಾಯುತ್ತದೆ. ಆದರೆ ಕೆಲವುಗಳ ಒಳಗೆ ಒಂದು ಜೀನ್ ಸುಮ್ಮನೆ ಮಲಗಿರುತ್ತದೆ. ಔಷಧ ತಾಗಿದೊಡನೆ ಅದು ಎದ್ದು, ಔಷಧಕ್ಕೆ ಜಗ್ಗದ ಬೇರೊಂದು ರೀತಿಯಲ್ಲಿ ಗೋಡೆ ಕಟ್ಟಿಸುತ್ತದೆ. ಚೂರುಪಾರು ಔಷಧ ಹಾಕುತ್ತ ಹೋದರೆ ಬಡಪಾಯಿ ಜೀವಿಗಳು ಸತ್ತು ಇಂಥ ಗಟ್ಟಿಗಳೇ ಉಳಿದು ಹಬ್ಬುತ್ತವೆ.

ಅಕ್ಕ ನಕ್ಕೇ ನಕ್ಕಳು. "ಹುಳಕ್ಕೂ ಗ್ವಾಡಿ ಇರತಾವೇನ? ನನ್ನ ಕಾಲಾಗ ಮನಿ ಕಟಗೊಂಡಾವಂದ್ರ ಬಾಡಿಗಿ ಕೇಳಬೇಕಲ್ಲವಾ!"

ನನಗೂ ನಗು ಬಂತು. ಏನು ಮಾಡಲಿ, ಹಾಗೇ ನಗಿಸುತ್ತಿದ್ದಳು ಅವಳು. ಎಷ್ಟು ಕರೆದರೂ ಮಾತ್ರ ಏಳಲಿಲ್ಲ.

ಮುಂದೆ ಜ್ವರ ಬಂದು ಮೈ ನಡುಗತೊಡಗಿದಾಗ ಅವಳ ಗಂಡ ನಮ್ಮ ಆಸ್ಪತ್ರೆಗೆ ಕರೆತಂದರು. ಪಾದ ಕಪ್ಪಾಗಿತ್ತು. ಅವಳ ಗಾಯದ ಕೀವು ನನ್ನ ಮೇಜಿಗೇ ಬಂತು. ತಟ್ಟೆಯಲ್ಲಿ ಬೆಳೆಸಲು ಹಾಕಿ, ಮೇಲೆ ಒಂದೊಂದು ಔಷಧದ ಬಿಲ್ಲೆ ಇಟ್ಟೆ. ಔಷಧ ನಾಟುವಂತಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ಜಾಗ ಉಳಿಯುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದೆ. ಬಿಲ್ಲೆಗಳ ಅಂಚಿನವರೆಗೂ ಸೂಕ್ಷ್ಮಜೀವಿಗಳು ಒತ್ತೊತ್ತಾಗಿ ಬೆಳೆದಿದ್ದವು. ದಿನವೂ ನೋಡುವ ತಟ್ಟೆಯೇ, ಆದರೆ ಅಂದು ನೋಡಲಾಗಲಿಲ್ಲ. ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದರೆ ಒಂದೇ ಒಂದು ಬಿಲ್ಲೆಯ ಸುತ್ತ ಜಾಗ ಖಾಲಿ ಇತ್ತು.

ಡಾಕ್ಟರ ಹತ್ತಿರ ಓಡಿದೆ. ಅವರು ಮುಖ ತಗ್ಗಿಸಿದರು. "ಈಗಲೇ ಶುರು ಮಾಡ್ತೇವ್ರಿ. ಆದ್ರ ನಂಜು ರಕ್ತಕ್ಕ ಸೇರೈತಿ, ಕಿಡ್ನಿನೂ ಕೈ ಬಿಟ್ಟಾವ. ಭಾಳ ತಡಾ ಆತು. ಮನಸ್ಸು ಗಟ್ಟಿ ಮಾಡ್ಕೋರಿ."

ವಾರ್ಡಿಗೆ ಹೋದಾಗ ಅಕ್ಕ ಕಣ್ಣು ಬಿಟ್ಟಳು.

"ಯಾವುದಾರ ನಾಟೋ ಔಷಧ ಸಿಕ್ಕತೇನ?"

"ಸಿಕ್ಕೈತಿ ಅಕ್ಕಾ."

ನಾನು ಹೇಳಿದ್ದು ಸುಳ್ಳಲ್ಲ. ಡಾಕ್ಟರು ಹೇಳಿದ ಉಳಿದ ಮಾತನ್ನು ಮಾತ್ರ ಅವಳಿಗೆ ತಿಳಿಸಲಿಲ್ಲ. ಅಕ್ಕನ ಮುಖ ಅರಳಿತು. ಪಕ್ಕದ ಮಂಚದ ಹೆಂಗಸಿನ ಕಡೆ ಹೊರಳಿ, "ನಮ್ಮ ತಂಗಿ ಹುಡುಕ್ಯಾಳ ನೋಡ್ರಿ, ಇನ್ನ ನಾ ಮನಿಗೆ ಹೋಗಾಕಿ," ಎಂದಳು.

ಹಾಗೆಂದುಕೊಂಡೇ ಮಲಗಿದಳು. ಮತ್ತೆ ಏಳಲಿಲ್ಲ.