ಹೆಕ್ಟೇರನ್ನು ಎಕರೆ ಎಂದು ಓದಿದ ಮೇಡಂ

"ಮೂವತ್ತು ಗುಂಟೆ ಗದ್ದೆ ಇಟ್ಕೊಂಡು ಏನು ಮಾಡ್ತೀರಿ ಗಂಗಮ್ಮ?" ಎಂದು ನಾನು ಮೈಕಿನಲ್ಲಿ ಕೇಳಿದೆ. ಸಭೆಯಲ್ಲಿದ್ದವರೆಲ್ಲ ನಕ್ಕರು.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಎಕನಾಮಿಕ್ಸ್ ಪಾಠ ಮಾಡುವವಳು. ಸೊರಬ ಕಡೆಯ ಹಳ್ಳಿಯೊಂದರ ಮಹಿಳಾ ಸಂಘದವರು ಭಾಷಣಕ್ಕೆ ಕರೆದಿದ್ದರು. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಇಸ್ತ್ರಿ ಸೀರೆ... ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಅಮೆರಿಕದಲ್ಲಿ ಒಬ್ಬನೇ ರೈತ ಮೆಷಿನ್ ಹತ್ತಿ ಇಡೀ ಊರಿನಷ್ಟು ಜಮೀನು ನೋಡಿಕೊಳ್ಳುತ್ತಾನೆ ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಗಂಗಮ್ಮನನ್ನು ಎಬ್ಬಿಸಿ, ಎಕರೆಗೆ ಎಷ್ಟು ಚೀಲ ಭತ್ತ ಎಂದು ಕೇಳಿದೆ. ಸ್ಲೈಡಿನಲ್ಲಿದ್ದ ಅಮೆರಿಕದ ಲೆಕ್ಕದ ಪಕ್ಕ ಅದನ್ನು ಬರೆದು, ನೋಡಿ ಅಜಗಜಾಂತರ ಎಂದೆ.

ಗಂಗಮ್ಮನೂ ನಕ್ಕರು, ಸೆರಗು ಬಾಯಿಗೆ ಅಡ್ಡ ಹಿಡಿದು.

ಮೊನ್ನೆ ಅದೇ ಸ್ಲೈಡನ್ನು ಕ್ಲಾಸಿಗೆ ತಯಾರು ಮಾಡುವಾಗ ಕೆಳಗಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. "ಹೆಕ್ಟೇರಿಗೆ" ಎಂದಿದೆ. ನಾನು ಓದಿದ್ದು ಎಕರೆಗೆ!

ಸುಮಾರು ಎರಡೂವರೆ ಎಕರೆಯ ಬೆಳೆಯನ್ನು ಒಂದೆಕರೆಯದೆಂದು ಹೇಳಿ, ಒಬ್ಬ ಹೆಂಗಸಿನ ಮಾನ ಕಳೆದು ಬಂದಿದ್ದೆ.

ಸರಿಯಾಗಿ ಲೆಕ್ಕ ಹಾಕಿದರೆ ಅಂತರ ಇದೆ, ಆದರೆ ನಗುವಷ್ಟಿಲ್ಲ. ಅಲ್ಲಿಯವನ ಜಮೀನು ದೊಡ್ಡದು, ಮೆಷಿನ್ ದೊಡ್ಡದು, ಹಾಗಾಗಿ ಒಬ್ಬನ ಪಾಲಿನ ಬೆಳೆಯೂ ದೊಡ್ಡದು. ಗಂಗಮ್ಮನ ಗದ್ದೆ ತನ್ನ ಅಳತೆಗೆ ಚೆನ್ನಾಗಿಯೇ ಬೆಳೆಯುತ್ತಿದೆ.

ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿ ಟೀ ಕೊಟ್ಟರು. ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು, ತಪ್ಪು ನನ್ನದೇ ಎಂದು ಮೆಲ್ಲಗೆ ವಿವರಿಸಿದೆ.

"ಆ ಸಭೆಗೆ ನಮ್ಮ ಮೈದ್ನನೂ ಬಂದಿದ್ದ ಮೇಡಂ. ಪಕ್ಕದ ಗದ್ದೆ ಅವಂದೇ. ಚೂರು ಗದ್ದೇಲಿ ಏನೂ ಆಗಲ್ಲ ಅಂತ ಮೇಡಮ್ಮೋರೇ ಹೇಳಿದ್ರಲ್ಲ, ನಂಗೇ ಗೇಣಿಗೆ ಕೊಟ್ಬಿಡಿ ಅಂತ ಕೂತಾನೆ. ನಮ್ಮನೇರೂ ಹೂಂ ಅಂದಾರೆ."

ಟೀ ಲೋಟ ಕೆಳಗಿಟ್ಟೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದರೆ ಇದೇ.

ನಿಮ್ಮ ಮನೆಯವರಿಗೆ ನಾನೇ ಹೇಳಿ ಹೋಗುತ್ತೇನೆ ಎಂದೆ. ಗಂಗಮ್ಮ ತಲೆ ಅಲ್ಲಾಡಿಸಿದರು.

"ನಗ್ಸಿದ್ದು ಊರ ಮುಂದೆ, ತಪ್ಪಾತು ಅನ್ನಾದು ಜಗಲೀಲೇನ್ರೀ?"

ಸೋಮವಾರ ಮತ್ತೆ ಸಂಘದ ಸಭೆ. ಮೈದುನನೂ ಬರುತ್ತಾನಂತೆ. ನಾನು ಹೋಗಲೇಬೇಕು... ಆದರೆ ಇದನ್ನು ಬರೆಯುತ್ತಿರುವಾಗಲೂ, ಪ್ರಿಂಟ್ ಮಿಸ್ಟೇಕ್ ಆಗಿತ್ತು ಅಂದುಬಿಟ್ಟರೆ ಹೇಗೆ ಎಂದು ನನ್ನ ಮನಸ್ಸು ದಾರಿ ಹುಡುಕುತ್ತಿದೆ.

ಪಾಠ ಹೇಳುವವರಿಗೆ "ನನ್ನಿಂದ ತಪ್ಪಾಯಿತು" ಎನ್ನುವುದು ಯಾಕೆ ಇಷ್ಟು ಕಷ್ಟ?