ಬಸ್ಸು ನಿಲ್ಲಿಸಿದ ಮೇಸ್ತ್ರಿ

ದೇಶನೂರಿನಲ್ಲಿ ನಮ್ಮ ಭತ್ತದ ನಾಟಿ ಗುಂಪಿಗೆ ಒಬ್ಬಾಕೆ ಮೇಸ್ತ್ರಿ ಇದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಮುಚ್ಚಿಟ್ಟರ ವಾಸಿ ಆಗತೈತೇನು?" ಎಂದು ಎಲ್ಲರನ್ನೂ ಬೈಯುವಳು.

ಮುಟ್ಟು ನಿಂತ ಮೇಲೆ ನನಗೆ ಉರಿಮೂತ್ರ ಮೇಲಿಂದ ಮೇಲೆ ಬರುತ್ತಿತ್ತು. ಗದ್ದೆಯಲ್ಲಿ ಮರೆಯಿಲ್ಲವೆಂದು ನಾನು ನೀರೇ ಕುಡಿಯುತ್ತಿರಲಿಲ್ಲ. ಉರಿ ಇನ್ನೂ ಹೆಚ್ಚಿತು. ಗೊತ್ತಾದ ದಿನವೇ ಅವಳು ನನ್ನನ್ನು ಬಳ್ಳಾರಿಯ ಡಾಕ್ಟರ ಹತ್ತಿರ ಹೊರಡಿಸಿ, ತಾನೂ ಜೊತೆಗೆ ಬಂದಳು.

ಕುರುಗೋಡು ದಾಟಿದ ಮೇಲೆ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಸೀರೆ ಒದ್ದೆಯಾದರೆ ಮಾನ ಹೋಯಿತೆಂದು ಅವಳ ಕೈ ಹಿಡಿದೆ. ಅವಳು ಎದ್ದು ಕೂಗಿದಳು:

"ಕಂಡಕ್ಟರಪ್ಪಾ, ಬಸ್ ನಿಲ್ಲಸು. ನನಗ ಉರಿಮೂತ್ರ ಐತಿ."

"ಬಳ್ಳಾರಿ ತನಕ ತಡಕೊಳ್ರಿ ಅಮ್ಮಾ."

"ಆಮ್ಯಾಲ ಸೀಟು ನೀನ ತೊಳಿತೀ ಏನಪ್ಪಾ?"

ಜಾಲಿ ಗಿಡಗಳ ಪಕ್ಕ ಬಸ್ಸು ನಿಂತಿತು. ಅವಳ ಹಿಂದೆ ನಾನು ಇಳಿದೆ. ನನ್ನ ಹಿಂದೆ ಇನ್ನೂ ಆರು ಮಂದಿ ಮುದುಕಿಯರು ಇಳಿದರು.